ಗೂಡು ಬಿಚ್ಚುವ ಊರು ಶಿಡ್ಲಘಟ್ಟ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಕಡೆ ರೇಷ್ಮೆಗೂಡು ಬಿಡಿಸುವ ದಿನ ಬಂತೆಂದರೆ ಹುಳುಮನೆ ಮುಂದೆ ಅಕ್ಕಪಕ್ಕದವರೆಲ್ಲ ಸೇರುತ್ತಾರೆ. ಹುಳು ಗೂಡು ಕಟ್ಟಿದ ಚಂದ್ರಿಕೆಯಿಂದ ಒಂದೊಂದೇ ಗೂಡು ಬಿಡಿಸಿ, ಕಲೆಬಿದ್ದ ಕರೆಗೂಡನ್ನು ಬೇರೆ ಮಾಡಿ, ಚೀಲಕ್ಕೆ ತುಂಬಿ, ಬೆಳಗಿನ ಹೊತ್ತಿಗೆ ಶಿಡ್ಲಘಟ್ಟದ ಮಾರುಕಟ್ಟೆ ಸೇರಿಸಬೇಕು. ಈ ಅವಸರಕ್ಕೆ ಕಾರಣವಿದೆ. ಗೂಡು ಕಟ್ಟಿದ ಹುಳು ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ಉದ್ದನೆಯ ಎಳೆ ಸಿಗುವುದಿಲ್ಲ. ರಾಗಿಯ ಹಾಗೆ ಕಣಜದಲ್ಲಿಟ್ಟು ಬೆಲೆ ಬಂದಾಗ ಮಾರುವ ಬೆಳೆ ಇದಲ್ಲ.

ಹಾಗಾಗಿ ಬೆಳೆಗಾರನ ಹತ್ತಿರದಲ್ಲೇ ಗೂಡಿನ ಎಳೆ ಬಿಚ್ಚುವವನೂ ಇರಬೇಕು. ಶಿಡ್ಲಘಟ್ಟ ಬೆಳೆದದ್ದು ಹೀಗೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಒಂದು ಕೊಳವೆಬಾವಿ, ಒಂದೆಕರೆ ಹಿಪ್ಪುನೇರಳೆ ಇದ್ದರೆ ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. 100 ಮೊಟ್ಟೆ ಗುಂಪಿನ ಚಾಕಿ (ಎಳೆಹುಳು) ತಂದು, ಉಳಿದ ಜ್ವರ (ಪೊರೆ ಬಿಡುವ ಹಂತ) ದಾಟಿಸಿದರೆ, 60–70 ಕೆ.ಜಿ. ಗೂಡು. ಒಂದು ತಿಂಗಳೊಳಗೆ ಕೈಗೆ ಹಣ.

ಮಾರುಕಟ್ಟೆಯಲ್ಲಿ ಗೂಡನ್ನು ಜಾಲರಿಗಳಲ್ಲಿ ಹರವುತ್ತಾರೆ. ಬಿಚ್ಚಾಣಿಕೆದಾರ ಕೈಯನ್ನು ಮೊಣಕೈವರೆಗೂ ತೂರಿಸಿ ತಳದ ಗೂಡನ್ನು ಮೇಲೆ ತರುತ್ತಾನೆ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು, ಈಗ ಇ-ಹರಾಜು. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕೆಂಬ ನಿಯಮದ ಬೇರು 1959ರ ಕಾಯ್ದೆಯಲ್ಲಿದೆ. ತೂಕದ ಮೋಸದಿಂದ ರೈತನನ್ನು ಉಳಿಸಿದ್ದು ಈ ಕಾಯ್ದೆಯೇ ಎಂದು ನಾನು ನಂಬಿದ್ದೇನೆ.

ಊರಿನ ಗಲ್ಲಿಗಳಿಗೆ ಕಾಲಿಟ್ಟರೆ ಬೆಂದ ಹುಳುವಿನ ವಾಸನೆ. ಕುದಿಯುವ ನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಹೆಂಗಸೊಬ್ಬಳು ಕಣ್ಣಿಗೆ ಸರಿಯಾಗಿ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ, ಏಳೆಂಟು ಗೂಡಿನ ಎಳೆ ಕೂಡಿಸಿ ಒಂದು ನೂಲು ಮಾಡುತ್ತಾಳೆ. ಒಂದು ಗೂಡು ಮುಗಿದ ಕ್ಷಣವೇ ಇನ್ನೊಂದರ ತುದಿ ಸೇರಿಸಬೇಕು, ಇಲ್ಲದಿದ್ದರೆ ನೂಲು ತೆಳುವಾಗುತ್ತದೆ. ದಿನವಿಡೀ ಬಿಸಿನೀರಿನಲ್ಲಿ ನೆಂದು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ದ್ವಿತಳಿ ಹುಳುವಿನ ಒಂದು ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ. ಒಂದು ಕೆ.ಜಿ. ನೂಲಿಗೆ ಆರೇಳು ಕೆ.ಜಿ. ಗೂಡು ಬೇಕು. ಉಳಿದ ಹುಳುವೂ ವ್ಯರ್ಥವಲ್ಲ, ಎಣ್ಣೆಗೆ, ಮೇವಿಗೆ ಹೋಗುತ್ತದೆ. ಒಂದು ಕಾಲಕ್ಕೆ ಚರಕ ತಿರುಗಿಸಲು ಮಕ್ಕಳನ್ನು ದುಡಿಸಿಕೊಂಡ ಕಹಿ ಚರಿತ್ರೆಯೂ ಈ ಕಸುಬಿಗಿದೆ, ಅದನ್ನು ಮರೆಯುವಂತಿಲ್ಲ.

ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆಗೆ 1896ರಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ಫಾರಂ ಜಪಾನಿ ವಿದ್ಯೆ ಕಲಿಸಿತು. ಈ ಕಸುಬಿಗೆ ಪೆಟ್ಟುಗಳೂ ಬಿದ್ದಿವೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು; ಎಷ್ಟೋ ಕಡೆ ರೈತರು ಹಿಪ್ಪುನೇರಳೆ ಕಿತ್ತುಹಾಕಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ದೆಹಲಿಯ ಒಂದು ಸಾಲು ಶಿಡ್ಲಘಟ್ಟದ ಗಲ್ಲಿಯ ಒಲೆ ಆರಿಸಬಲ್ಲದು.

ಬೆಂಗಳೂರಿನ ಬಸ್ಸು ಹತ್ತುವ ಹುಡುಗರಿಗೆ ಊರಲ್ಲೇ ಕೆಲಸ ಕೊಡುವ ಮಾತನ್ನು ಎಲ್ಲರೂ ಆಡುತ್ತಾರೆ. ಇಲ್ಲಿ ಆ ಕೆಲಸ ಆಗಲೇ ಇದೆ. ಸಹಾಯಧನದ ಚರ್ಚೆ ಮಾತ್ರ ಬಹುಪಾಲು ತೋಟ, ಹನಿ ನೀರಾವರಿ, ಹುಳುಮನೆಯ ಸುತ್ತಲೇ ನಿಲ್ಲುತ್ತದೆ. ಆದರೆ ಸಣ್ಣ ಬಿಚ್ಚಾಣಿಕೆದಾರ ಬೆಳಗ್ಗೆ ಗೂಡಿಗೆ ಹಣ ಕಟ್ಟಬೇಕು, ನೂಲು ಮಾರಿ ಹಣ ಬರುವುದು ಆಮೇಲೆ. ನಡುವಿನ ದಿನಗಳಿಗೆ ಅವನು ಬಡ್ಡಿ ಸಾಲಕ್ಕೆ ಕೈಚಾಚುತ್ತಾನೆ. ಬೆಂಗಳೂರಿನ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಬಿಚ್ಚಾಣಿಕೆಯ ತರಬೇತಿ ಕೊಡುತ್ತದೆ. ಕಲಿತು ಬಂದವನಿಗೆ ಗೂಡು ಕೊಳ್ಳಲು ಬಂಡವಾಳವೂ ಬೇಕಲ್ಲ. ರೈತನಿಗೆ ಬೆಳೆಸಾಲ ಸಿಗುವಂತೆಯೇ ಬಿಚ್ಚಾಣಿಕೆದಾರನಿಗೂ ರೇಷ್ಮೆ ಇಲಾಖೆ ಮತ್ತು ಬ್ಯಾಂಕುಗಳು ಕಡಿಮೆ ಬಡ್ಡಿಯ ಗೂಡುಸಾಲ ಕೊಡಲಿ.