ಅಮ್ಮನ ಕಾಯಿಲೆ ನನಗೂ ಬರುತ್ತಾ? ಪನೆಟ್ ಚೌಕ ಉತ್ತರಿಸದ ಪ್ರಶ್ನೆ

ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಮೆಂಡಲರ ಬಟಾಣಿ ಗಿಡ, 3:1 ಅನುಪಾತ ಮುಗಿದಿತ್ತು. ಹುಡುಗಿಯೊಬ್ಬಳು ಎದ್ದು, "ಮಿಸ್, ನಮ್ಮಮ್ಮನಿಗೆ ಕ್ರೋನ್ಸ್ ಕಾಯಿಲೆ ಇದೆ. ನನಗೂ ಬರುತ್ತಾ?" ಎಂದಳು. ಹಲಗೆಯ ಮೇಲಿದ್ದ ಚೌಕ ತೋರಿಸಿ, "ಪ್ರಬಲ ಗುಣವಾಗಿದ್ದರೆ ಅರ್ಧದಷ್ಟು ಸಾಧ್ಯತೆ" ಎಂದುಬಿಟ್ಟೆ. ಅವಳು ಸುಮ್ಮನೆ ಕುಳಿತಳು. ನನ್ನ ಉತ್ತರ ತಪ್ಪಾಗಿತ್ತು.

ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು: ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್. ಎರಡರಲ್ಲೂ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ ಹತೋಟಿ ತಪ್ಪಿ, ಕರುಳಿನ ಗೋಡೆಯಲ್ಲಿ ಉರಿಯೂತ ಬಹುಕಾಲ ಉಳಿಯುತ್ತದೆ. ಬಟಾಣಿಯ ಎತ್ತರದಂತೆ ಇವನ್ನು ಒಂದೇ ಜೀನ್ ನಿರ್ಧರಿಸುವುದಿಲ್ಲ.

ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೊದಲ ಜೀನ್ 2001ರಲ್ಲಿ ಗುರುತಾಯಿತು. ಅದು 16ನೇ ವರ್ಣತಂತುವಿನಲ್ಲಿರುವ ನಾಡ್-2. ಬ್ಯಾಕ್ಟೀರಿಯಾದ ಕೋಶಭಿತ್ತಿಯ ಒಂದು ತುಣುಕನ್ನು ಗುರುತಿಸಿ ಎಚ್ಚರಿಸುವ ಪ್ರೋಟೀನನ್ನು ಇದು ರೂಪಿಸುತ್ತದೆ. ಇದರ ಮೂರು ಭಿನ್ನರೂಪಗಳಲ್ಲಿ ಈ ಗುರುತಿಸುವಿಕೆ ಕುಂದುತ್ತದೆ. ಯುರೋಪ್ ಮೂಲದವರಲ್ಲಿ ಅಂಥ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಎರಡರಿಂದ ನಾಲ್ಕು ಪಟ್ಟು. ಎರಡು ಪ್ರತಿ ಇದ್ದರೆ ಇನ್ನೂ ಹೆಚ್ಚು. ಆದರೂ ಈ ಭಿನ್ನರೂಪ ಹೊತ್ತವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ. ಜಪಾನಿನ ರೋಗಿಗಳಲ್ಲಿ ಹುಡುಕಿದಾಗ ಈ ಮೂರೂ ಸಿಗಲಿಲ್ಲ; ಅಲ್ಲಿ ಬೇರೊಂದು ಜೀನಿನ ಸಂಬಂಧ ಕಂಡಿತು.

2012ರ ಹೊತ್ತಿಗೆ ಈ ಎರಡು ಕಾಯಿಲೆಗಳಿಗೆ ಸಂಬಂಧಿಸಿದ 163 ಜೀನೋಮ್ ತಾಣಗಳು ಗುರುತಾಗಿದ್ದವು. ಈಗ 200 ದಾಟಿವೆ. ಹೆಚ್ಚಿನವುಗಳ ಪ್ರಭಾವ ಅತಿ ಸಣ್ಣದು. ಜೊತೆಗೆ ಪರಿಸರದ ಪಾತ್ರವೂ ಇದೆ: ಧೂಮಪಾನ ಕ್ರೋನ್ಸ್ ಅಪಾಯವನ್ನು ಹೆಚ್ಚಿಸುತ್ತದೆ. ಒಂದೇ ಡಿಎನ್‌ಎ ಇರುವ ಅವಳಿಗಳಲ್ಲೂ ಒಬ್ಬರಿಗೆ ಕಾಯಿಲೆ ಇದ್ದು ಇನ್ನೊಬ್ಬರು ಆರೋಗ್ಯವಾಗಿರುವುದು ಸಾಮಾನ್ಯ.

ಮರುಪಾಠಕ್ಕೆ ಚೌಕಾಬಾರದ ಹುಣಸೆ ಬೀಜಗಳನ್ನು ಒಯ್ದೆ. ಪ್ರತಿಯೊಬ್ಬರೂ ಹತ್ತು ಸೀಳು ಬೀಜಗಳನ್ನು ಎಸೆಯಬೇಕು. ಬಿಳಿ ಮುಖ ಮೇಲಾಗಿ ಬಿದ್ದರೆ ಅದು ಅಪಾಯದ ಒಂದು ಭಿನ್ನರೂಪ. ಆಮೇಲೆ 0, 1, 2, 3 ಎಂದು ಬರೆದ 'ಪರಿಸರ'ದ ಚೀಟಿಗಳಲ್ಲಿ ಒಂದನ್ನು ಎತ್ತಬೇಕು. ಎರಡರ ಮೊತ್ತ 10 ಮುಟ್ಟಿದರೆ ಮಾತ್ರ ಕಾಯಿಲೆ. ಏಳು ಬಿಳಿ ಬಿದ್ದವರಲ್ಲೂ 3ರ ಚೀಟಿ ಬಂದವರಷ್ಟೇ ಮಿತಿ ಮುಟ್ಟುತ್ತಾರೆ. ಇದು ಮಾದರಿ ಮಾತ್ರ. ನಿಜದಲ್ಲಿ ಎಲ್ಲ ಭಿನ್ನರೂಪಗಳ ತೂಕ ಒಂದೇ ಅಲ್ಲ, ನಾಡ್-2ರದು ಹೆಚ್ಚು. ಇದನ್ನೂ ಮಕ್ಕಳಿಗೆ ಹೇಳಬೇಕು.

ಎರಡು ಎಚ್ಚರಿಕೆಗಳು. ಮನೆಯವರ ಕಾಯಿಲೆಯ ಬಗ್ಗೆ ತರಗತಿಯಲ್ಲಿ ನಾವಾಗಿ ಕೇಳಬಾರದು. ಮಗುವೇ ಕೇಳಿದರೆ ಪನೆಟ್ ಚೌಕದಿಂದ ಭವಿಷ್ಯ ನುಡಿಯಬಾರದು.

ಆ ಹುಡುಗಿಯನ್ನು ಬಿಡುವಿನಲ್ಲಿ ಕರೆದು, "ನಾನು ಮೊನ್ನೆ ಹೇಳಿದ್ದು ತಪ್ಪು. ಅಮ್ಮನಿಗೆ ಇದ್ದರೆ ನಿನಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ನಿಜ. ಆದರೆ ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಹೊಟ್ಟೆನೋವು, ಭೇದಿ ಬಹಳ ದಿನ ಇದ್ದರೆ ಡಾಕ್ಟರಿಗೆ ತೋರಿಸಬೇಕು, ಅಷ್ಟೇ" ಎಂದೆ. "ಹಾಗಾದ್ರೆ ಅರ್ಧ ಅಲ್ವಾ ಮಿಸ್?" ಎಂದು ಇನ್ನೊಮ್ಮೆ ಕೇಳಿದಳು. ಅಲ್ಲ ಎಂದೆ. ಮೂರು ದಿನ ಆ ಅರ್ಧವನ್ನು ಅವಳು ಮನಸ್ಸಿನಲ್ಲಿ ಹೊತ್ತು ತಿರುಗಿದ್ದಳೆಂದು ಆಗ ತಿಳಿಯಿತು.