ಚಂದ್ರನ ಕಲ್ಲಿನ ಊರು, ಕೇರಿ

1982ರ ಜನವರಿ 18ರಂದು ಅಂಟಾರ್ಕ್ಟಿಕಾದ ಅಲನ್ ಹಿಲ್ಸ್ ಬಳಿ ಉಲ್ಕೆಗಳನ್ನು ಹುಡುಕುತ್ತಿದ್ದ ಅಮೆರಿಕದ ತಂಡಕ್ಕೆ 31 ಗ್ರಾಂ ತೂಕದ ಕಲ್ಲೊಂದು ಸಿಕ್ಕಿತು. ಒಡಲು ಕಪ್ಪು, ಅದರ ತುಂಬ ಬಿಳಿಯ ಚೂರುಗಳು. ಸ್ಮಿತ್‌ಸೋನಿಯನ್ ಸಂಸ್ಥೆಯ ಬ್ರಯಾನ್ ಮೇಸನ್ ಅದರ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಿಳಿ ಚೂರುಗಳು ಅಪೊಲೊ ಯಾತ್ರಿಗಳು ತಂದ ಅನಾರ್ಥೊಸೈಟ್ ಶಿಲೆಯಂತಿವೆ ಎಂದರು.

ಹೋಲಿಕೆಯೊಂದೇ ಸಾಲದು. ಚಂದ್ರನಿಂದ ಕಲ್ಲು ಸಿಡಿದು ಇಲ್ಲಿಯವರೆಗೆ ಬರುವುದುಂಟೇ ಎಂಬ ಅನುಮಾನ ಆಗ ಬಲವಾಗಿತ್ತು. ಷಿಕಾಗೋದಲ್ಲಿ ತೋಶಿಕೊ ಮಯೇಡ, ರಾಬರ್ಟ್ ಕ್ಲೇಟನ್ ಮತ್ತವರ ಸಂಗಡಿಗರು ಆಮ್ಲಜನಕದ ಐಸೊಟೋಪುಗಳನ್ನು ಅಳೆದರು. ಬಹುತೇಕ ಉಲ್ಕೆಗಳಲ್ಲಿ ಇವುಗಳ ಪ್ರಮಾಣ ಭೂಮಿಯದಕ್ಕಿಂತ ಬೇರೆ. ಚಂದ್ರನದು ಮಾತ್ರ ಭೂಮಿಯದಕ್ಕೆ ತೀರಾ ಹತ್ತಿರ. ಈ ಕಲ್ಲಿನದೂ ಹಾಗೆಯೇ ಇತ್ತು. ಇನ್ನೊಂದು ಸಾಕ್ಷಿ ಕಬ್ಬಿಣ ಮತ್ತು ಮ್ಯಾಂಗನೀಸ್. ಶಿಲೆ ಕರಗಿ ಮತ್ತೆ ಗಟ್ಟಿಯಾದರೂ ಇವೆರಡು ಜೊತೆ ಬಿಡುವುದಿಲ್ಲ. ಮೊಮ್ಮಕ್ಕಳವರೆಗೂ ಇಳಿದು ಬರುವ ಮನೆತನದ ಮೂಗಿನ ಹಾಗೆ, ಅವುಗಳ ಅನುಪಾತ ಉಳಿದುಕೊಳ್ಳುತ್ತದೆ. ಚಂದ್ರಶಿಲೆಗಳಲ್ಲೂ ಈ ಕಲ್ಲಿನಲ್ಲೂ ಅದು 70ರ ಆಸುಪಾಸು. ವೆಸ್ಟಾ ಕ್ಷುದ್ರಗ್ರಹದವೆನ್ನುವ ಉಲ್ಕೆಗಳಲ್ಲಿ ಹೆಚ್ಚುಕಡಿಮೆ ಅದರರ್ಧ.

1983ರ ಮಾರ್ಚ್‌ನಲ್ಲಿ ಹ್ಯೂಸ್ಟನ್‌ನ ಸಮ್ಮೇಳನದಲ್ಲಿ ಬೇರೆ ಬೇರೆ ದಾರಿಯಿಂದ ಬಂದ ತಜ್ಞರೆಲ್ಲ ಒಂದೇ ಮಾತು ಹೇಳಿದರು: ಇದು ಚಂದ್ರನದು. ವಿಜ್ಞಾನಿಗಳ ಸಭೆಯಲ್ಲಿ ಇಂಥ ಒಮ್ಮತ ಅಪರೂಪ. ಚಂದ್ರನಿಂದ ಬರಬಹುದಾದರೆ ಮಂಗಳನಿಂದಲೂ ಯಾಕಾಗದು ಎಂಬ ವಾದಕ್ಕೂ ಇದರಿಂದ ಬಲ ಬಂತು.

ಊರು ತಿಳಿಯಿತು, ಕೇರಿ? ಅದಕ್ಕೆ ಇನ್ನೂ ಎರಡು ದಶಕ ಹಿಡಿಯಿತು. 2002ರಲ್ಲಿ ಒಮಾನಿನ ಮರುಭೂಮಿಯಲ್ಲಿ ಚಂದ್ರನದೇ ಇನ್ನೊಂದು ಕಲ್ಲು, 206 ಗ್ರಾಂ ತೂಕದ ‘ಸಾಯ್ಹ್ ಅಲ್ ಉಹೈಮಿರ್ 169’ ಸಿಕ್ಕಿತು. ಅದರಲ್ಲಿ ಹತ್ತು ಲಕ್ಷಕ್ಕೆ ಸುಮಾರು 33 ಪಾಲು ಥೋರಿಯಂ ಇತ್ತು. ಹುಟ್ಟಿದಾಗ ಕರಗಿದ ಶಿಲೆಯ ಕಡಲಾಗಿದ್ದ ಚಂದ್ರ ತಣಿಯುತ್ತಾ ಬಂದಂತೆ, ಯಾವ ಹರಳಿನಲ್ಲೂ ಜಾಗ ಸಿಗದ ಪೊಟ್ಯಾಸಿಯಂ, ರಂಜಕ, ವಿರಳ ಭಸ್ಮ ಲೋಹಗಳು ಕೊನೆಯ ದ್ರವದಲ್ಲಿ ಉಳಿದವು. ಥೋರಿಯಂ ಕೂಡ ಅದೇ ಗುಂಪಿನದು. ಚಂದ್ರನನ್ನು ಸುತ್ತುತ್ತ ಗಾಮಾ ಕಿರಣಗಳನ್ನು ಅಳೆದ ಲೂನಾರ್ ಪ್ರಾಸ್ಪೆಕ್ಟರ್ ನೌಕೆ 1998-99ರಲ್ಲಿ ಥೋರಿಯಂ ನಕ್ಷೆಗೆ ಬೇಕಾದ ಮಾಹಿತಿ ಕಲೆಹಾಕಿತ್ತು. ನಮಗೆ ಕಾಣುವ ಮೊಗದಲ್ಲಿ, ಇಂಬ್ರಿಯಂ ತಗ್ಗಿನ ಸುತ್ತಮುತ್ತ ಥೋರಿಯಂ ದಟ್ಟವಾಗಿತ್ತು. ಒಮಾನಿನ ಕಲ್ಲನ್ನು ಪರೀಕ್ಷಿಸಿದ ಎಡ್ವಿನ್ ಗ್ನೋಸ್ ತಂಡ ನಕ್ಷೆಯ ಜೊತೆಗೆ ಕಲ್ಲಿನ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು, 2004ರಲ್ಲಿ ಲಲಾಂಡ್ ಕುಳಿಯ ಆಸುಪಾಸಿಗೆ ಬೆರಳು ತೋರಿತು.

ಇದರ ತಿರುವು ಮುರುವು ಕೆಲಸವೂ ಆಗಿದೆ. 2023ರಲ್ಲಿ ಭಾರತದ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಕಡೆಯ ಮಣ್ಣನ್ನು 23 ಕಡೆ ಅಲ್ಲೇ ಅಳೆಯಿತು. ಬಹುಪಾಲು ಅನಾರ್ಥೊಸೈಟ್, ಜೊತೆಗೆ ನಿರೀಕ್ಷೆಗಿಂತ ಹೆಚ್ಚಿನ ಮೆಗ್ನೀಸಿಯಂ. ಆ ದಿಕ್ಕಿನಿಂದ ನಾಳೆ ಕಲ್ಲೊಂದು ಬಂದು ಬಿದ್ದರೆ ತಾಳೆ ನೋಡಲು ಅಂಕಿಗಳು ಈಗ ಕೈಯಲ್ಲಿವೆ.