ಬುಡ ಹೋದರೂ ನಿಂತ ಮರ

ಬೆಂಗಳೂರಿನ ಪಶ್ಚಿಮಕ್ಕೆ, ರಾಮೋಹಳ್ಳಿ ಹತ್ತಿರ ಕೇತೋಹಳ್ಳಿ. ಇಲ್ಲಿನ ದೊಡ್ಡ ಆಲದ ಮರ ಸುಮಾರು 3 ಎಕರೆ ಹಬ್ಬಿದೆ. ವಯಸ್ಸು 400 ವರ್ಷ ಅಂತಾರೆ. ಒಳಗೆ ನಡೆದು ಮೂಲ ಬುಡ ಹುಡುಕಿ ನೋಡಿ, ಸಿಗಲ್ಲ. 2000ದ ದಶಕದಲ್ಲಿ ರೋಗ ಬಂದು ಅದು ಸತ್ತೇ ಹೋಯ್ತು. ಮರ ಉಳೀತು.

ಹೇಗೆ? ಬಿಳಲು! ಕೊಂಬೆಯಿಂದ ಇಳಿಬಿದ್ದಾಗ ಅದು ದಾರದಷ್ಟು ತೆಳು, ತುದಿ ಮೆತ್ತಗೆ. ಮಣ್ಣು ಮುಟ್ಟಿದ ಮೇಲೆ ಬೇರುಬಿಟ್ಟು, ವರ್ಷಗಟ್ಟಲೆ ದಪ್ಪಗಾಗಿ ಕಂಬವೇ ಆಗುತ್ತೆ. ಮೇಲಿನ ಕೊಂಬೆಗೆ ನೀರು, ಆಸರೆ ಎರಡೂ ಅದರದೇ.

ಬುಡ ಸಾಯುವ ಎಷ್ಟೋ ವರ್ಷ ಮೊದಲೇ ಈ ಕಂಬಗಳು ನೆಲ ಹಿಡಿದಿದ್ದವು. ನನ್ನ ಮನಸ್ಸು ತಟ್ಟಿದ್ದು ಇದೇ.

ಹೋದಾಗ ಎಳೆ ಬಿಳಲಿಗೆ ಜೋತುಬೀಳಬೇಡಿ, ದಯವಿಟ್ಟು. ಅದಿನ್ನೂ ನೆಲ ಮುಟ್ಟಬೇಕು.